ಅಕ್ಕನ ಕತ್ತಿನ ಎತ್ತರ

ಅಕ್ಕನ ನಡುನೆತ್ತಿಯಲ್ಲಿ ಕೋಡುಬಳೆಯ ಆಕಾರಕ್ಕೆ ಕೂದಲಿರಲಿಲ್ಲ. ಚಿಕ್ಕಂದಿನಿಂದ ತಲೆಗೆ ಬಟ್ಟೆ ಸುತ್ತಿದ ಸಿಂಬೆ ಇಟ್ಟು, ಅದರ ಮೇಲೆ ತೆಂಗಿನಕಾಯಿ ತುಂಬಿದ ಬಿದಿರು ಮಂಕರಿ ಹೊತ್ತು ಹೊತ್ತು ಆ ಜಾಗ ಸವೆದು, ಚರ್ಮ ಹಿಮ್ಮಡಿಯ ಹಾಗೆ ಗಟ್ಟಿಯಾಗಿ ಮಿರುಗುತ್ತಿತ್ತು. ತಲೆ ಬಾಚುವಾಗ ಎಡಗಡೆಯ ಕೂದಲನ್ನು ಬಲಕ್ಕೆ ಎಳೆದು ಮುಚ್ಚುತ್ತಿದ್ದಳು. ಪಿಕಪ್ ಓಡಿಸುವಾಗ ಗಾಳಿಗೆ ಅದು ಎದ್ದು ನಿಲ್ಲುತ್ತಿತ್ತು. ಪಕ್ಕದಲ್ಲಿ ಕೂತ ನಾನು ನಕ್ಕರೆ ಕಣ್ಣು ರಸ್ತೆಯ ಮೇಲೇ ಇಟ್ಟುಕೊಂಡು, "ನಗು ಕಣ್ಲಾ, ನಗು. ನಿನ್ನ ಹೊಟ್ಟೆಗೆ ಇಳಿದ ಮುದ್ದೆಯೆಲ್ಲ ಇದರ ಮೇಲೇ ಬಂದಿದ್ದು" ಅನ್ನುತ್ತಿದ್ದಳು.

ನಮ್ಮೂರು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ. ಅವ್ವ ಹೋದಾಗ ನಾನಿನ್ನೂ ಚಡ್ಡಿ ಹಾಕಲು ಕಲಿಯುತ್ತಿದ್ದೆನಂತೆ. ಅಕ್ಕನನ್ನು ತುರುವೇಕೆರೆ ಕಡೆಗೆ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಟ್ರಂಕು ಹಿಡಿದುಕೊಂಡು ವಾಪಸ್ ಬಂದಳು. ಯಾಕೆ ಬಂದೆ ಎಂದು ಯಾರು ಕೇಳಿದರೂ "ಅಲ್ಲಿ ನೀರು ಸವಳು" ಅಂದಳೇ ಹೊರತು ಬೇರೆ ಮಾತಿಲ್ಲ. ಆಮೇಲೆ ನನ್ನನ್ನು ಸಾಕಿದಳು. ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟಾಗ ಗರಿಕಡ್ಡಿ ಮುರಿಯುವವರೆಗೂ ಹೊಡೆದಳು. ನಾನು ಹೋಗಲಿಲ್ಲ. ಓದು ತಲೆಗೆ ಹತ್ತದವನ ಬರವಣಿಗೆ ಇದು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಅವಳೇನೂ ಸಾಧು ಹೆಂಗಸಲ್ಲ. ಬಾಯಿ ತೆಗೆದರೆ ಬೈಗುಳ. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳುತ್ತಿದ್ದಳು. ಚೌಕಾಬಾರ ಆಡುವಾಗ ಕವಡೆಯನ್ನು ಮೊಣಕಾಲಿನಿಂದ ಮಗುಚಿ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ "ಗಾಳಿ ಕಣ್ಲಾ" ಎನ್ನುತ್ತಿದ್ದಳು. ಯಾವುದಕ್ಕೂ ಅವಳದೊಂದೇ ಉತ್ತರ: "ನೋಡಾನ ಬುಡು." ಮಳೆ ಬಂದರೂ ಅದೇ, ಬಾರದಿದ್ದರೂ ಅದೇ.

ಮಂಕರಿ ಹೊರುವುದರಿಂದ ಶುರುಮಾಡಿ, ಹೊರುವ ಹೆಂಗಸರ ಗುಂಪು ಕಟ್ಟಿ, ಕೊನೆಗೆ ತಾನೇ ಒಂದು ಗಾಡಿ ಕೊಳ್ಳುತ್ತೇನೆ ಎಂದು ಹೊರಟಳು. ತಿಪಟೂರಿನಲ್ಲಿ ಹಳೇ ಗಾಡಿ ಮಾರುವ ಒಂದು ಬಯಲಿತ್ತು. ಅಲ್ಲಿಗೆ ಮಂಕರಿ, ಸಿಂಬೆ, ಒಂದಷ್ಟು ಕಾಯಿ ತೆಗೆದುಕೊಂಡೇ ಹೋದಳು. ನಾನು ನಾಚಿಕೆಯಿಂದ ದೂರ ನಿಂತಿದ್ದೆ. ಅವಳು ಮಂಕರಿ ತುಂಬಿ ತಲೆಗೆ ಏರಿಸಿಕೊಂಡು ಒಂದೊಂದೇ ಪಿಕಪ್ಪಿನ ಹಿಂದೆ ಹೋಗಿ ನಿಲ್ಲುವುದು, ಕತ್ತು ಒಂಚೂರು ವಾಲಿಸುವುದು, ಮುಂದಿನ ಗಾಡಿಗೆ ಹೋಗುವುದು. ದಲ್ಲಾಳಿ ಬಿದ್ದು ಬಿದ್ದು ನಕ್ಕ.

"ಅಮ್ಮಾವ್ರೇ, ಗಾಡಿ ಕೊಳ್ಳಾಕ್ ಬಂದ್ರಾ, ಕಾಯಿ ಮಾರಾಕ್ ಬಂದ್ರಾ?"

"ಎಂಜಿನ್ ನೋಡಾಕೆ ಮೆಕ್ಯಾನಿಕ್ ಬತ್ತಾನೆ ಕಣಪ್ಪ. ನಾನು ಕತ್ತು ನೋಡ್ತಾ ಇವ್ನಿ."

ತೋಟದಲ್ಲಿ ಕಾಯಿ ತುಂಬುವುದನ್ನು ನೋಡದವರಿಗೆ ಇದು ತಿಳಿಯುವುದಿಲ್ಲ. ಹೆಂಗಸು ಮಂಕರಿ ಹೊತ್ತು ಬಂದು, ಗಾಡಿಯ ಹಿಂದಿನ ಅಂಚಿಗೆ ಒರಗಿ ಕತ್ತು ವಾಲಿಸಿದರೆ ಸಾಕು, ಕಾಯಿ ತಾನಾಗಿ ಒಳಕ್ಕೆ ಉರುಳಬೇಕು. ಕೈ ಎತ್ತುವಂತಿರಬಾರದು. ಅಂಚು ನಾಲ್ಕು ಬೆರಳು ಎತ್ತರವಾದರೂ ಅಷ್ಟೂ ಭಾರವನ್ನು ತಲೆಯಿಂದ ಮೇಲಕ್ಕೆ ತೋಳಿನಲ್ಲಿ ಎತ್ತಬೇಕು. ದಿನವಿಡೀ ಅದನ್ನು ಯಾವ ಹೆಂಗಸಿನ ಮೈಯೂ ತಾಳುವುದಿಲ್ಲ. ಅಕ್ಕ ಅಲ್ಲಿದ್ದುದರಲ್ಲೇ ತಗ್ಗಾದ, ಬಣ್ಣ ಹೋದ ಒಂದು ಗಾಡಿ ಆರಿಸಿದಳು. ಅದರ ಹಿಂದೆ ನಿಂತು ಕತ್ತು ವಾಲಿಸಿದಾಗ ಕಾಯಿ ಗುಡುಗುಡು ಎಂದು ಒಳಗೆ ಉರುಳಿದವು. ಆ ಸದ್ದಿಗೆ ಅವಳ ಮುಖದಲ್ಲಿ ಬಂದ ನಗು ನನಗೆ ಇವತ್ತಿಗೂ ಕಾಣುತ್ತದೆ.

ನಮ್ಮ ಕಡೆ ಪಿಕಪ್ ಓಡಿಸುವವರಲ್ಲಿ ಒಂದು ಕಟ್ಟಳೆ ಇದೆ: ಸ್ಟೇರಿಂಗ್ ಹಿಡಿದವನು ಮಂಕರಿ ಮುಟ್ಟುವುದಿಲ್ಲ. ಮುಟ್ಟಿದರೆ ಅವನು ಡ್ರೈವರ್ ಅಲ್ಲ, ಕೂಲಿ. ಕಾಯಿ ತುಂಬುವಷ್ಟು ಹೊತ್ತೂ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಮೊಬೈಲು ನೋಡುತ್ತ ಕೂರಬೇಕು. ಅಕ್ಕ ಈ ಕಟ್ಟಳೆಗೆ ಉಗಿದು ಗಾಡಿ ನಿಲ್ಲಿಸಿದವಳೇ ಸೆರಗು ಸಿಕ್ಕಿಸಿ ಮಂಕರಿಗೆ ಕೈ ಹಾಕುತ್ತಿದ್ದಳು. ಅವಳಿಂದಲೇ ಗಾಡಿ ಕಲಿತು ಓಡಿಸತೊಡಗಿದ ನಾನು ಮಾತ್ರ ಕಟ್ಟಳೆಯನ್ನು ದೇವರ ಮಾತಿನಂತೆ ಪಾಲಿಸುತ್ತಿದ್ದೆ.

ಈಗ ಹೇಳಬೇಕಾದ್ದು ಹೇಳುತ್ತೇನೆ.

ಎಲ್ಲಿ ನೋಡಿದರೂ ಹುಡುಗರು ಗಾಡಿ ಎತ್ತರ ಮಾಡಿಸಿಕೊಳ್ಳುವ ಕಾಲ ಬಂತು. ದಪ್ಪ ಟೈರು, ಹೊಳೆಯುವ ಚಕ್ರ, ಗಾಜಿನ ತುಂಬ ಬರಹ. ಕೊಬ್ಬರಿ ಮಂಡಿಯ ಎದುರು ಟೀ ಕುಡಿಯುತ್ತಿದ್ದಾಗ ಅಂಥ ಒಂದು ಗಾಡಿಯವನು ಎಲ್ಲರೆದುರು ಕೇಳಿದ: "ಏನ್ಲಾ, ನಿಮ್ಮಕ್ಕನ ಗಾಡಿ ಕಾವಿಗೆ ಕೂತ ಕೋಳಿ ಇದ್ದಂಗೈತೆ! ಮೊಟ್ಟೆ ಎಷ್ಟು ಇಟ್ಟದೆ?" ಟೀ ಅಂಗಡಿಯವನೂ ನಕ್ಕ. ನಾನೂ ನಕ್ಕೆ. ಆ ನಗು ಹುಳಿ ತೇಗಿನ ಹಾಗೆ ತಿಂಗಳುಗಟ್ಟಲೆ ಗಂಟಲಲ್ಲೇ ಇತ್ತು.

ಆ ಹೊತ್ತಿಗೆ ಅಕ್ಕನಿಗೆ ಮೈ ಸರಿಯಿರಲಿಲ್ಲ. ವಿಪರೀತ ರಕ್ತ ಹೋಗುತ್ತಿತ್ತು. ಹಳೇ ಸೀರೆ ಮಡಿಸಿ ಸೀಟಿಗೆ ಹಾಸಿಕೊಂಡು ಗಾಡಿ ಓಡಿಸುತ್ತಿದ್ದಳು. ಡಾಕ್ಟರು ಗರ್ಭಕೋಶ ತೆಗೆಯಲೇಬೇಕು ಎಂದರೂ "ನೋಡಾನ ಬುಡಿ ಸಾರ್" ಎಂದು ಮುಂದೂಡಿ, ಒಂದು ದಿನ ಕೆರೆ ಏರಿಯ ಮೇಲೆ ಕಣ್ಣು ಕತ್ತಲೆ ಬಂದ ಮೇಲೆ ಒಪ್ಪಿದಳು. ಅವಳನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಚಕ್ರ ನೋಡುತ್ತಿದ್ದೆ. ಬೆಳ್ಳಿ ಬಣ್ಣದ್ದೋ, ಕರಿಯದೋ? ಕರಿಯದಕ್ಕೆ ಕೆಂಪು ಗೆರೆ ಇದ್ದರೆ ಹೇಗೆ? ಒಳಗೆ ಅವಳ ಹೊಟ್ಟೆ ಕುಯ್ಯುತ್ತಿದ್ದರು. ನಾನು ಬಣ್ಣ ಆರಿಸುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಕೈಯನ್ನು ನೋಡಿದರೆ ನನಗೇ ಹೇಸಿಗೆಯಾಗುತ್ತದೆ.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ಗಾಡಿಯನ್ನು ಅಂಗಡಿಗೆ ಬಿಟ್ಟೆ. ಅಂಗಡಿಯವನು ಎಲ್ಲಕ್ಕೂ ಎರಡೆರಡು ದಾರಿ ತೋರಿಸಿದ. ರಸ್ತೆಗೆ ನಯವಾದ ಟೈರೋ, ಮಣ್ಣಿಗೆ ಉಬ್ಬುಬ್ಬಾದ ದಪ್ಪ ಬಟನ್ ಟೈರೋ? ಬಟನ್ ಅಂದೆ, ನೋಡಲು ಜೋರಾಗಿತ್ತು. ಚಕ್ರ ಮಡ್‌ಗಾರ್ಡಿನ ಒಳಗಿರಬೇಕೋ, ಹೊರಗೆ ಚಾಚಬೇಕೋ? ಹೊರಗೆ. ಹಿಂದೆ ಕಮಾನು ಪಟ್ಟೆಯ ಸ್ಪ್ರಿಂಗಿಗೂ ಆಕ್ಸೆಲ್ಲಿಗೂ ನಡುವೆ ಕಬ್ಬಿಣದ ಬ್ಲಾಕ್ ಕೂರಿಸಿ ಎತ್ತರಿಸುತ್ತಾರೆ, ಮುಂದೆಯೂ ಅದಕ್ಕೆ ತಕ್ಕ ಹಾಗೆ ಮಾಡುತ್ತಾರೆ.

"ಎರಡಿಂಚು ಮಾಡಾನೋ, ನಾಲ್ಕಾ?"

"ಏನು ವ್ಯತ್ಯಾಸ?"

"ಎರಡು ಸಂಸಾರಸ್ಥರಿಗೆ, ನಾಲ್ಕು ಗಂಡಸರಿಗೆ" ಎಂದು ಕಣ್ಣು ಹೊಡೆದ.

ನಾಲ್ಕು ಅಂದೆ. ಈ ಗಾಡಿಗೆ ಏನು ತುಂಬುತ್ತೀಯ, ಯಾರು ತುಂಬುತ್ತಾರೆ ಎಂದು ಅವನು ಕೇಳಲಿಲ್ಲ. ಅವನು ಯಾಕೆ ಕೇಳಬೇಕು? ಅದು ಗೊತ್ತಿದ್ದವನು ನಾನು. ಹಳೇ ಚಕ್ರ, ಟೈರುಗಳನ್ನು ಅವನಿಗೇ ಬಿಟ್ಟು ಬಂದೆ.

ಡಿಸ್ಚಾರ್ಜ್ ದಿನ ಗಾಡಿಯನ್ನು ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿ ಹಾರನ್ ಹೊಡೆದೆ. ಅಕ್ಕ ಹೊಟ್ಟೆ ಒತ್ತಿಹಿಡಿದು ಗೋಡೆ ಹಿಡಿದುಕೊಂಡು ಬಂದಳು. ಗಾಡಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಕ್ಯಾಬಿನ್ನಿನ ಮೆಟ್ಟಿಲು ಅವಳ ಮಂಡಿಗಿಂತ ಮೇಲಿತ್ತು. ಒಂದು ಕಾಲು ಎತ್ತಿ ನೋಡಿ, ಮುಖ ಕಿವುಚಿ, ಇಳಿಸಿದಳು.

"ಯಾರ್ಲಾ ಇದು, ಮದುವೆ ಗಂಡು?"

"ಚೆನ್ನಾಗಿಲ್ವಾ ಅಕ್ಕ?"

"ಹಳೇ ಚಕ್ರ ಎಲ್ಲಿ?"

"ಅಂಗಡಿಯೋನಿಗೆ ಕೊಟ್ಟೆ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ನಮ್ಮ ಹೆಂಗಸ್ರು ಎಂಗ್ಲಾ ತುಂಬ್ತಾರೆ ಇದಕ್ಕೆ?" ಎಂದಷ್ಟೇ ಕೇಳಿ ಆಟೋ ಹತ್ತಿ ಹೋದಳು. ಹಿಂದೆಯೇ ನಾನು ಖಾಲಿ ಗಾಡಿ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಖುಷಿಯೇ ಆಯಿತು.

ಒಂದು ಕೊಡ ನೀರು ಕೂಡ ಎತ್ತಬಾರದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಬ್ಲಾಕ್ ಬಿಚ್ಚಿಸು ಎಂದು ಅಕ್ಕ ದಿನಾ ಹೇಳುತ್ತಿದ್ದಳು. "ಆಯ್ತಕ್ಕ, ಈ ವಾರ" ಅನ್ನುತ್ತಿದ್ದೆ.

ಸಂಪಿಗೆ ಊರಿನ ಕಡೆಯ ಒಂದು ತೋಟದ ಕಾಯಿ ತುಂಬಿಕೊಡುತ್ತೇವೆ ಎಂದು ಅವಳು ಆಪರೇಷನ್ನಿಗೆ ಮೊದಲೇ ಮಾತು ಕೊಟ್ಟಿದ್ದಳು. ಆ ದಿನ ಗಾಡಿ ತಗೊಂಡು ಹೋದೆ. ಹೆಂಗಸರು ಬಂದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ ಮೊದಲ ಮಂಕರಿ ತಂದು ಅಂಚಿಗೆ ಒರಗಿ ಕತ್ತು ವಾಲಿಸಿದಳು. ಕಾಯಿ ಒಳಗೆ ಹೋಗಲಿಲ್ಲ. ಅಂಚಿಗೆ ಬಡಿದು ವಾಪಸ್ ಅವಳ ಹೆಗಲ ಮೇಲೇ ಬಿದ್ದವು. ಅಜ್ಜಿ ಹೆಗಲು ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದಳು.

"ನಿನ್ನ ಗಾಡಿ ಬೆಳೀತು ಕಣಪ್ಪ. ನಾವು ಬೆಳೀಲಿಲ್ಲ."

ಎಲ್ಲರೂ ಸಿಪ್ಪೆ ಗುಡ್ಡೆಯ ನೆರಳಿಗೆ ಹೋಗಿ ಕೂತರು. ಯಾರೋ ಅಕ್ಕನಿಗೆ ಫೋನ್ ಮಾಡಿದರು. ಅವಳು ಆಟೋದಲ್ಲಿ ಬಂದಳು. ಸ್ವೆಟರ್ ಹಾಕಿದ್ದಳು, ತುಟಿ ಒಣಗಿತ್ತು. ನೇರ ನನ್ನ ಹತ್ತಿರ ಬಂದಳು.

"ತಮ್ಮಯ್ಯ, ನೀನು ಮೇಲೆ ಹತ್ತಿ ನಿಂತ್ಕೋ. ಅವ್ರು ಕೊಡ್ತಾರೆ, ನೀನು ಬಗ್ಗಿ ಇಸ್ಕೊಂಡು ಸುರೀತಾ ಹೋಗು. ಇವತ್ತೊಂದು ದಿವಸ. ನಾಳೆ ಹಲಗೆ ಗಿಲಗೆ ಏನಾರ ಮಾಡಾನ."

ಅವತ್ತು ಕೋಳಿ ಅಂತ ಗೇಲಿ ಮಾಡಿದವನ ಗಾಡಿ ಪಕ್ಕದ ತೋಟದಲ್ಲಿ ನಿಂತಿತ್ತು. ಅವನು ಬಾನೆಟ್ಟಿನ ಮೇಲೆ ಕೂತು ನಮ್ಮ ಕಡೆಯೇ ನೋಡುತ್ತಿದ್ದ.

"ನಾನು ಡ್ರೈವರ್ ಕಣಕ್ಕ" ಅಂದೆ.

ಅವಳು ಸ್ವೆಟರಿನ ತೋಳು ಮೇಲಕ್ಕೆ ಸರಿಸಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ, ಆ ಹೊಸ ಟೈರಿನ ಮೇಲೆ ಕಾಲಿಟ್ಟು, ಇಬ್ಬರು ಹೆಂಗಸರು ಹಿಂದಿನಿಂದ ನೂಕಿಕೊಟ್ಟ ಮೇಲೆ ಹತ್ತಿದಳು. "ಬ್ಯಾಡ ಕಣೇ ಅಕ್ಕಯ್ಯ, ಇಳಿಯೇ" ಎಂದು ಅವರು ಕೂಗಿಕೊಂಡರು. "ನೋಡಾನ ಬುಡ್ರೇ, ತತ್ತಾ ಮಂಕರೀನಾ" ಅಂದಳು.

ನಾನು ಕ್ಯಾಬಿನ್ನಿನಲ್ಲಿ ಕೂತು ಹಾಡು ಹಾಕಿದೆ. ಸೈಡ್ ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಬಗ್ಗಿ ಮಂಕರಿ ಹಿಡಿಯುವುದು, ಹಲ್ಲು ಕಚ್ಚಿ ಎಳೆಯುವುದು, ಸುರಿಯುವುದು, ಮತ್ತೆ ಬಗ್ಗುವುದು. ಇಳಿದು ಹೋಗಿ ಕೈ ಕೊಡಲು ಎಷ್ಟು ಹೊತ್ತು ಬೇಕಿತ್ತು? ಹೆಂಗಸರ ಕಾಲ ಕೆಳಗೆ ಸಿಪ್ಪೆ ಮೂಟೆ ಜೋಡಿಸಿ ಮೆಟ್ಟಿಲು ಮಾಡಿಕೊಟ್ಟಿದ್ದರೂ ಆಗುತ್ತಿತ್ತು. ಅದಕ್ಕೂ ನಾನು ಇಳಿಯಬೇಕಿತ್ತು. ಇಳಿಯಲಿಲ್ಲ. ಕನ್ನಡಿಯನ್ನು ಒಂಚೂರು ಆಚೆಗೆ ತಿರುಗಿಸಿದೆ.

ಹೆಂಗಸರು ಕಿರುಚಿದಾಗಲೇ ನಾನು ಇಳಿದದ್ದು. ಅಕ್ಕ ಕಾಯಿಗಳ ಮೇಲೆ ಕೂತಿದ್ದಳು. ಕೂತಲ್ಲಿಂದ ರಕ್ತ ಕಾಯಿಯ ಸಂದಿಗೆ ಇಳಿಯುತ್ತಿತ್ತು. ಅವಳನ್ನು ಇಳಿಸಿ ಕ್ಯಾಬಿನ್ನಿಗೆ ಹತ್ತಿಸಲು ಆಗಲಿಲ್ಲ, ಅಷ್ಟು ಎತ್ತರ. ಅಲ್ಲೇ ಕಾಯಿ ಸರಿಸಿ ಮಲಗಿಸಿಕೊಂಡು, ಹೆಂಗಸರು ಸುತ್ತ ಕೂತು ಹಿಡಿದುಕೊಂಡರು. ನಾನು ಆಸ್ಪತ್ರೆಯ ಕಡೆಗೆ ಓಡಿಸಿದೆ. ದಪ್ಪ ಟೈರು, ಗಟ್ಟಿ ಬ್ಲಾಕ್. ಒಂದೊಂದು ಗುಂಡಿಗೂ ಗಾಡಿ ಎತ್ತಿ ಕುಕ್ಕುತ್ತಿತ್ತು. ಒಂದೊಂದು ಕುಕ್ಕಿಗೂ ಹಿಂದಿನಿಂದ ಅವಳ ನರಳಾಟ ಕೇಳುತ್ತಿತ್ತು. ಬಿಸಿಲಿಗೆ ಹೊಸ ರಬ್ಬರಿನ ವಾಸನೆ ಕ್ಯಾಬಿನ್ನಿಗೆ ಹೊಡೆಯುತ್ತಿತ್ತು. ಈಗಲೂ ಟೈರಂಗಡಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ.

"ಭಾರ ಎತ್ತಲು ಯಾರು ಬಿಟ್ಟಿದ್ದು ಇವರನ್ನ?" ಎಂದು ಡಾಕ್ಟರು ರೇಗಿದರು. ನಾನು ಬಾಯಿ ತೆಗೆದೆ, ಅಷ್ಟರಲ್ಲಿ ಅಕ್ಕ ಹೇಳಿದಳು: "ಯಾರೂ ಇಲ್ಲ ಸಾರ್. ನಂಗೇ ಬುದ್ಧಿ ಇಲ್ಲ." ನಾನು ತೆಗೆದ ಬಾಯಿ ಮುಚ್ಚಿಕೊಂಡೆ.

ಒಳಗಿನ ಹೊಲಿಗೆ ಬಿಟ್ಟಿತ್ತು, ಮತ್ತೆ ಹಾಕಿದರು. ಆಮೇಲೆ ಕೀವಾಯಿತು, ಜ್ವರ ಬಂತು. ಬ್ಯಾಂಡೇಜು ಬಿಚ್ಚುವಾಗಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಅವಳು ನೋಡಿಬಿಟ್ಟಳು. "ಆಚೆ ಹೋಗಿ ಟೀ ಕುಡ್ದು ಬಾ ಹೋಗು ತಮ್ಮಯ್ಯ" ಅಂದಳು. ನಾನು ಹೋದೆ. ಕುಡಿದೂ ಕುಡಿದೆ. ಆ ವಾರವೇ ಅವಳು ಹೋದಳು.

ಮಣ್ಣು ಮಾಡಿ ಬಂದ ದಿನದಿಂದ ಊರಲ್ಲಿ ಒಂದೇ ಮಾತು: "ಹಟಮಾರಿ ಹೆಂಗಸು. ಆಪರೇಷನ್ ಆದ್ಮೇಲೂ ಸುಮ್ಕಿರ್ಲಿಲ್ಲ. ದುಡ್ಡಿನಾಸೆ." ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದವರೆಲ್ಲ ಇದನ್ನೇ ಹೇಳಿದರು. ನಾನು ತಲೆಯಾಡಿಸಿದೆ. ಕೆಲವೊಮ್ಮೆ "ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ" ಎಂದು ನಾನೇ ಸೇರಿಸಿದೆ. ಗಾಡಿ ಎತ್ತರ ಮಾಡಿಸಿದ್ದಕ್ಕಿಂತ, ಕ್ಯಾಬಿನ್ನಿನಿಂದ ಇಳಿಯದಿದ್ದುದಕ್ಕಿಂತ, ನನಗೆ ನನ್ನ ಮೇಲೆ ಅಸಹ್ಯವಾಗುವುದು ಈ ಒಂದು ಮಾತಿಗೆ.

ಅಕ್ಕನ ವರ್ಷದ ಎಡೆಯ ದಿನ ಮಂಕರಿ ಹೊರುವ ಆ ಹೆಂಗಸರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ನೆಂಟರೊಬ್ಬರು ಮತ್ತೆ ಹಟದ ಮಾತು ತೆಗೆದರು. ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದ ನಾನು ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅವಳ ಹಟ ಅಲ್ಲ. ನಂಗೆ ಗಾಡಿ ಮೇಲೆ ಹತ್ತು ಅಂದ್ಲು. ನಾನು ಹತ್ತಲಿಲ್ಲ."

ಯಾರಾದರೂ ಎದ್ದು ಹೊಡೆಯಲಿ ಎಂದು ಕಾದೆ. ಅಜ್ಜಿ ಅನ್ನ ಕಲಸುವುದನ್ನು ನಿಲ್ಲಿಸದೆ, ತಲೆ ಎತ್ತದೆ ಅಂದಳು:

"ಅದೇನು ನಮಗೆ ಗೊತ್ತಿಲ್ವಾ? ನಾವೆಲ್ಲ ಅಲ್ಲೇ ಇದ್ವಲ್ಲಪ್ಪ. ಇನ್ನೊಂಚೂರು ಸಾರು ಹಾಕು."

ಬಗ್ಗಿ ಬಡಿಸಿದೆ.