ಹಸಿ ಕಾವಲು

ಅವ್ವನ ತವರು ದೊಡ್ಡಉಳ್ಳಾರ್ತಿ. ಹುಡುಗಿಯಾಗಿದ್ದಾಗ ಅವಳು ಓಡಾಡಿದ ಹುಲ್ಲುಗಾವಲಿಗೆ ಈಗ ಕಾಂಪೌಂಡ್ ಎದ್ದಿದೆ. ಅವಳ ಮೊಣಕಾಲುಗಳೂ ಕೈಕೊಟ್ಟಿವೆ. ಇನ್ನು ಅವಳು ಅಲ್ಲಿಗೆ ಹೋಗುವ ಮಾತಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು. ಅದಕ್ಕೇ ಆ ಕಾವಲಿನ ಚಿತ್ರ ಬರೆದು ಅವಳ ಕಣ್ಣೆದುರು ಇಡುವ ಹಟ ನನಗೆ. ಮೊದಲು ಬರೆದ ಚಿತ್ರಗಳನ್ನು ನೋಡಿ, "ಚೆಂದ ಐತೆ. ಯಾವೂರು?" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟಿನಲ್ಲೇ ಬ್ರಷ್ ಬಿಸಾಕಿ, ಬಣ್ಣ ಕಲಸುವ ಚಾಕು ಹಿಡಿದೆ. ತೆಳ್ಳಗೆ ಸವರಿದ ಬಣ್ಣದಲ್ಲಿ ಹುಲ್ಲು ಮಲಗಿಬಿಡುತ್ತಿತ್ತು, ಗಾಳಿಯೇ ಬೀಸುತ್ತಿರಲಿಲ್ಲ. ಈ ಸಲ ಹಳದಿ, ಕಂದು ಬಣ್ಣಗಳನ್ನು ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ದಪ್ಪಗೆ ಮೆತ್ತಿ, ಚಾಕುವಿನ ತುದಿಯಿಂದ ಒಂದೊಂದೇ ಹುಲ್ಲುಕಡ್ಡಿ ಎಬ್ಬಿಸಿದೆ. ಬಣ್ಣವನ್ನು ಸಡಿಲ ಮಾಡಲು ಅಗಸೆ ಎಣ್ಣೆ ಬೇಕು. ಬಾಟಲಿ ಖಾಲಿಯಾಗಿತ್ತು. ಎಣ್ಣೆ ಮಿಲ್ಲಿನ ಮನೆಯಲ್ಲಿ ಹುಟ್ಟಿದವಳು ಬೆಂಗಳೂರಿನಿಂದ ಎಣ್ಣೆ ತರಿಸುವುದೇ ಎಂಬ ಜಂಬದಿಂದ ನಮ್ಮದೇ ಶೇಂಗಾ ಎಣ್ಣೆ ಬೆರೆಸಿದೆ. ಎಣ್ಣೆ ಮಿಲ್ಲುಗಳ ಊರಾದ ನಮ್ಮ ಚಳ್ಳಕೆರೆಯವರಲ್ಲದೆ ಬೇರೆ ಯಾರೂ ಇಂಥ ಘನಕಾರ್ಯ ಮಾಡಲಾರರು. ಅಗಸೆ ಎಣ್ಣೆ ಒಣಗುತ್ತದೆ, ಶೇಂಗಾ ಎಣ್ಣೆ ಒಣಗುವುದಿಲ್ಲ. ಬೇಸಿಗೆ ಕಳೆದರೂ ಚಿತ್ರ ಅಂಟಂಟಾಗಿಯೇ ಇತ್ತು. ಬೀದಿಯ ಧೂಳೆಲ್ಲ ಬಂದು ಅದರ ಮೇಲೆ ಕೂತಿತು.

ಬೇಸತ್ತು, ಎಲ್ಲ ಕೆರೆದು ಹಾಕೋಣವೆಂದು ಅದನ್ನು ಪಡಸಾಲೆಯ ಗೋಡೆಗೆ ಒರಗಿಸಿದ್ದೆ. ಅಷ್ಟರಲ್ಲಿ ಅವ್ವ ಮದುವೆ ಊಟ ಮುಗಿಸಿ ಬಂದಳು. ಪಕ್ಕದಲ್ಲಿ ಹಾಯುವಾಗ ಅವಳ ಮೊಳಕಾಲ್ಮೂರು ಸೀರೆಯ ಅಂಚು ಚಿತ್ರಕ್ಕೆ ತಗುಲಿ ಹಳದಿ ಮೆತ್ತಿಕೊಂಡಿತು.

"ಅಯ್ಯೋ ಅವ್ವಾ, ರೇಷ್ಮೆ ಸೀರೆ!" ಎಂದು ಕೂಗಿದೆ.

ಅವಳು ಕುರ್ಚಿಯಲ್ಲಿ ಕೂತು, ಅಂಚನ್ನು ಎತ್ತಿ ಹಿಡಿದು ಉಗುರಿನಿಂದ ಬಣ್ಣ ಕೀಳತೊಡಗಿದಳು. "ಕಾವಲಿಗೆ ಹೋಗಿ ಬಂದ್ರೆ ಹಿಂಗೇ. ಲಂಗದ ತುಂಬ ಹುಲ್ಲಿನ ಮುಳ್ಳು. ಕೂತು ಕೀಳೋದೇ ಒಂದು ಕೆಲಸ" ಎಂದವಳು ತಲೆಯೆತ್ತಿ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು. ಯಾವೂರು ಎಂದು ಕೇಳಲಿಲ್ಲ.

"ಈ ಮೂಲೇಲಿ ದನ ನೀರು ಕುಡಿಯೋ ಗೋಕಟ್ಟೆ ಇತ್ತು. ಬಿಟ್ಟಿದೀಯಲ್ಲೇ" ಎಂದಳು.

"ನಾನು ನೋಡೇ ಇಲ್ಲವ್ವ. ನಾ ಹೋಗೋ ಹೊತ್ತಿಗೆ ಅದನ್ನ ಮುಚ್ಚಿಬಿಟ್ಟಿದ್ರು."

ಅವ್ವ ಕುರ್ಚಿಯನ್ನು ಚಿತ್ರದ ಹತ್ತಿರಕ್ಕೆ ಎಳೆದುಕೊಂಡಳು.

"ನಾ ಹೇಳ್ತೀನಿ, ಹಾಕು. ಇನ್ನೂ ಹಸಿ ಐತಲ್ಲ."