ನಿಂಬೆಹಣ್ಣು ದಾಟದ ಗಾಲಿ

ಹೂಹೂವಿನ ನೈಟಿಯ ಕೆಳಗೆ ಮೊಣಕಾಲುದ್ದದ ಗಂಡಸರ ರಬ್ಬರ್ ಬೂಟು. ಲಂಡನ್ನಿನ ಹೇಸ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಬೆಳಿಗ್ಗೆ ಹಿತ್ತಲಿಗೆ ಬರುತ್ತಿದ್ದುದೇ ಹಾಗೆ. ಘಾನಾದವರು, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಾ ನಿವೃತ್ತರಾದವರು. ಸಿಟ್ಟು ಬರುವ ಮುಂಚೆ ಅವರ ಎಡಹುಬ್ಬು ಮೇಲೇರುತ್ತಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಮದರ್ ನಮಗೆ ಕಲಿಸಿದ್ದು, ಹೆಣ್ಣುಮಕ್ಕಳ ದನಿ ಪಕ್ಕದ ಕೋಣೆಗೆ ಕೇಳಬಾರದೆಂದು. ಆಂಟಿಯ ದನಿ ಪಕ್ಕದ ಬೀದಿಗೆ ಕೇಳುತ್ತಿತ್ತು.

ಘಾನಾದ ಊರಿನಲ್ಲಿ ಅವರಿಗೊಬ್ಬರು ತಂಗಿ. ಚಿಕ್ಕಂದಿನಲ್ಲೇ ಪೋಲಿಯೋದಿಂದ ಎರಡೂ ಕಾಲು ಸೋತು, ಅಂಗೈಗೆ ಚಪ್ಪಲಿ ಸಿಕ್ಕಿಸಿಕೊಂಡು ತೆವಳುತ್ತಿದ್ದರು.

"ಸಂತೆಗೆ ಹೋಗ್ಬೇಕಂದ್ರೆ ಯಾರಾದ್ರೂ ಬೆನ್ನ ಮೇಲೆ ಹೊರಬೇಕು. ಅಷ್ಟು ದೊಡ್ಡ ಹೆಂಗಸನ್ನ, ಮೂಟೆ ಹೊತ್ತ ಹಾಗೆ," ಎಂದಿದ್ದರು ಆಂಟಿ ಬೇಲಿಯಾಚೆಯಿಂದ. ಅವರು ಇಂಗ್ಲಿಷಿನಲ್ಲಿ ಆಡಿದ್ದು ನನಗೆ ನೆನಪಿರುವುದೆಲ್ಲ ಕನ್ನಡದಲ್ಲೇ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕನ್ನಡ ಬಳಗದ ಡಾಕ್ಟರುಗಳು ಆಸ್ಪತ್ರೆಗಳು ಬಿಸಾಡಲಿದ್ದ ವೀಲ್‌ಚೇರ್‌ಗಳನ್ನು ಒಟ್ಟುಮಾಡಿ ಆಂಟಿಯ ಊರಿನ ಕಡೆಯ ಹಳ್ಳಿಗಳಿಗೆ ಕಳಿಸಲು ಹೊರಟರು. ಆಯುಧಪೂಜೆಯ ದಿನ, ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ, ಆ ಕುರ್ಚಿಗಳಿಗೆ ಕುಂಕುಮ ಹಚ್ಚಿ ಸೌತ್‌ಹಾಲ್‌ನಿಂದ ತಂದ ಚೆಂಡುಹೂವಿನ ಹಾರ ಹಾಕಿದೆವು. ಗಾಲಿಯ ಮುಂದೆ ನಿಂಬೆಹಣ್ಣು ಇಡಬೇಕಲ್ಲ. ನೆಲ ಕೊಳೆಯಾದರೆ ಕೇರ್‌ಟೇಕರ್ ಬೈಯುತ್ತಾನೆಂದು ಕೆಳಗೆ ಪೇಪರ್ ಹಾಸಿದೆವು. ಮುಖ್ಯ ಅತಿಥಿ ಆಂಟಿ. ಚರ್ಚಿಗೆ ಹಾಕುವ ದೊಡ್ಡ ಹ್ಯಾಟಿನಲ್ಲಿ ಬಂದಿದ್ದರು.

ಅಧ್ಯಕ್ಷರಾಗಿದ್ದ ಡಾಕ್ಟರು ಮೊದಲ ಕುರ್ಚಿ ತಳ್ಳಿದರು. ಮುಂದಿನ ಪುಟಾಣಿ ಗಾಲಿ ನಿಂಬೆಹಣ್ಣಿಗೆ ತಗುಲಿ ನಿಂತಿತು. ಇನ್ನಷ್ಟು ಜೋರಾಗಿ ತಳ್ಳಿದರೆ ಕುರ್ಚಿಯೇ ಮುಗ್ಗರಿಸಿತು, ಹಣ್ಣು ಜಜ್ಜಿಹೋಗಲಿಲ್ಲ. ಎಲ್ಲರೂ ನಕ್ಕರು.

"ಬಿಡ್ರೀ, ಶಾಸ್ತ್ರ ಆಯ್ತಲ್ಲ," ಎಂದು ಅವರು ಹಣ್ಣನ್ನು ಶೂನಿಂದ ಪಕ್ಕಕ್ಕೆ ಸರಿಸಿದರು.

ಆಂಟಿಯ ಎಡಹುಬ್ಬು ಮೇಲೇರಿತು.

"ಒಂದು ಹಣ್ಣು ದಾಟದ ಗಾಲಿ ನಮ್ಮೂರಿನ ಮರಳು ದಾಟುತ್ತಾ, ಡಾಕ್ಟರ್? ಇದು ಆಸ್ಪತ್ರೆಯ ನೆಲಕ್ಕೆ ಮಾಡಿದ ಕುರ್ಚಿ. ನೀವೇ ಕೂತು ಹೊರಗೆ ಆ ಒದ್ದೆ ಹುಲ್ಲಿನ ಮೇಲೆ ಹೋಗಿ ತೋರಿಸಿ, ನೋಡೋಣ!"

ಡಾಕ್ಟರು ಕೂರಲಿಲ್ಲ. ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ದಾನ ತಗೊಳೋರ ಜೋರು ನೋಡ್ರೀ!" ಎಂದರು. ಮತ್ತೆ ನಗು. ಇಂದಿಗೂ ಆ ನಗು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಕುರ್ಚಿಗಳು ಹಡಗು ಹತ್ತಿದವು. ತಂಗಿಯ ಪಾಲಿಗೆ ಬಂದದ್ದು ಅಂಗಳದ ಮರಳಲ್ಲೇ ಹೂತು, ಅವರನ್ನು ಮುಂದಕ್ಕೆ ಕೆಡವಿತು. ಹಣೆ ಒಡೆಯಿತು. ಆಮೇಲೆ ಆ ಕುರ್ಚಿಯ ಮೇಲೆ ಮೆಣಸಿನಕಾಯಿ ಒಣಗಿಸಿದರಂತೆ.

"ನಿಮಗೆ ಬೇಡದ್ದನ್ನ ಎಸೆಯೋಕೆ ನಮ್ಮೂರೇ ಬೇಕಿತ್ತಾ? ಎಸೆದಿದ್ದಲ್ಲದೆ ಅದಕ್ಕೆ ಹಾರ ಬೇರೆ!" ಆಂಟಿ ಬೇಲಿ ಅಲುಗುವಂತೆ ಕೂಗಿದರು. ಆ ದಿನ ನಾನು ಎಂದಿನಂತೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಓಡಲಿಲ್ಲ. ಅವರ ಸಿಟ್ಟು ನನಗೂ ಬಂದಿತ್ತು.

ಕೂಗಿ ಸುಮ್ಮನಾಗುವವರಲ್ಲ ಅವರು. ಚರ್ಚಿನವರ ಬೆನ್ನುಬಿದ್ದು, ತಮ್ಮೂರ ಕಡೆಯ ಪಟ್ಟಣದ ವರ್ಕ್‌ಶಾಪಿನಲ್ಲಿ ಬೇರೆ ಕುರ್ಚಿ ಮಾಡಿಸಿದರು. ದಪ್ಪ ಟೈರು, ಉದ್ದಕ್ಕೆ ಮುಂದೆ ಚಾಚಿದ ಒಂದೇ ಒಂದು ದೊಡ್ಡ ಗಾಲಿ, ಕೈಯಿಂದ ಮೀಟಿ ಓಡಿಸುವ ಸನ್ನೆಕೋಲು. ಒಂದು ಬೆಳಿಗ್ಗೆ ಬೂಟು ತಪತಪಿಸುತ್ತ ಬೇಲಿಗೆ ಓಡಿ ಬಂದರು.

"ಕೇಳ್ದೆಯಾ? ನನ್ನ ತಂಗಿ ಒಬ್ಬಳೇ ಸಂತೆಗೆ ಹೋಗಿ ಟೊಮೇಟೊದವಳ ಜೊತೆ ಜಗಳ ಆಡಿದಳಂತೆ! ಒಬ್ಬಳೇ!"

ಆಮೇಲೆ ಕೆಲವು ವರ್ಷಕ್ಕೆ ಆಂಟಿ ಹೋದರು. ಚರ್ಚಿನಲ್ಲಿ ನಡೆದ ಸ್ಮರಣೆಗೆ ಬಳಗದವರೂ ಬಂದಿದ್ದರು; ಹಾರ ಹಾಕಿದ ಕುರ್ಚಿಗಳ ಫೋಟೋ ತಂದಿದ್ದರು. ಅದೇ ಡಾಕ್ಟರು ಮೈಕ್ ಹಿಡಿದು, ತಮ್ಮ ಕೊಡುಗೆ ಕಂಡು ಆಂಟಿಯ ಕಣ್ಣು ತುಂಬಿ ಬಂದಿತ್ತು ಎಂದರು.

ನಾನು ಎದ್ದು ನಿಂತೆ. "ಸುಳ್ಳು. ಕಣ್ಣು ತುಂಬಿರಲಿಲ್ಲ, ಸಿಟ್ಟು ಬಂದಿತ್ತು. ನಿಮ್ಮ ಕುರ್ಚಿ ಮರಳಲ್ಲಿ ಹೂತು ಅವರ ತಂಗಿಯ ಹಣೆ ಒಡೀತು. ಅವರನ್ನ ಸಂತೆಗೆ ಕಳಿಸಿದ್ದು ಆಂಟಿ, ನೀವಲ್ಲ!"

ಪಕ್ಕದಲ್ಲಿದ್ದ ನನ್ನ ಮಗಳು ಸೆರಗು ಜಗ್ಗಿದಳು. "ಮಮ್ಮೀ, ಯು ಆರ್ ಶೌಟಿಂಗ್."

"ಗೊತ್ತು ಕಣೇ," ಎಂದೆ, ದನಿ ತಗ್ಗಿಸದೆ.