ಅವ್ವ ಕೇಳಿದ ತಾಮ್ರದ ಲೆಕ್ಕ

ಕೊರೊನಾದ ಗದ್ದಲ ತಣ್ಣಗಾದ ಮರುವರ್ಷ. ಆಗ ನಾನು ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ವಿಷಯ ಕಂಪ್ಯೂಟೇಶನಲ್ ಬಯೋಕೆಮಿಸ್ಟ್ರಿ. ಈ ಹೆಸರನ್ನು ನಮ್ಮ ದೋರನಹಳ್ಳಿಯಲ್ಲಿ ಯಾರಿಗೂ ತಿಳಿಸಿ ಹೇಳಲು ಇವತ್ತಿಗೂ ನನ್ನಿಂದ ಆಗಿಲ್ಲ. ಅವ್ವ ತಾನೇ ಒಂದು ದಾರಿ ಹುಡುಕಿಕೊಂಡಿದ್ದಳು. ಯಾರು ಕೇಳಿದರೂ "ನಮ್ಮ ಶಾಂತಾ ಕಂಪ್ಯೂಟರ್ ಡಾಕ್ಟರ್ ಅದಾಳ್ರಿ" ಎಂದುಬಿಡುತ್ತಿದ್ದಳು. ಹಾಗಾಗಿ ಊರಿಗೆ ಹೋದಾಗಲೆಲ್ಲ ಒಬ್ಬರು ಮೊಣಕಾಲು ತೋರಿಸಲು ಬರುತ್ತಿದ್ದರು, ಇನ್ನೊಬ್ಬರು ಕೆಟ್ಟುಹೋದ ಪ್ರಿಂಟರ್ ಹೊತ್ತು ತರುತ್ತಿದ್ದರು. ಎರಡೂ ನನಗೆ ಬಾರದ ಕೆಲಸ.

ನಾನು ಮಾಡುವುದು ಇಷ್ಟು. ನಮ್ಮ ಮೈಯೊಳಗಿನ ಕೆಲಸವನ್ನೆಲ್ಲ ನಡೆಸುವುದು ಪ್ರೋಟೀನುಗಳು. ಒಂದೊಂದು ಪ್ರೋಟೀನೂ ಒಂದು ಉದ್ದನೆಯ ಸರಪಳಿ. ಅದು ಮಡಚಿಕೊಂಡು ತನ್ನದೇ ಆಕಾರ ಪಡೆಯುತ್ತದೆ. ಆಕಾರ ಕೆಟ್ಟರೆ ಕೆಲಸ ಕೆಟ್ಟಿತು. ಆ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರ ಒಂದೊಂದು ಪರಮಾಣುವೂ ಹೇಗೆ ಅಲುಗಾಡುತ್ತದೆಂದು ಲೆಕ್ಕ ಹಾಕಿ ನೋಡುತ್ತೇವೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಕೋಣೆ ತುಂಬುವಂಥ ಕಂಪ್ಯೂಟರುಗಳು ವಾರಗಟ್ಟಲೆ ಓಡಿದರೂ ನಮಗೆ ಕಾಣಸಿಗುವುದು ಕಣ್ಣು ಪಿಳುಕಿಸುವುದಕ್ಕಿಂತ ಎಷ್ಟೋ ಸಾವಿರ ಪಟ್ಟು ಚಿಕ್ಕ ಗಳಿಗೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿಗೆ ಬಂದದ್ದೂ ನೆಟ್ಟಗಿನ ದಾರಿಯಲ್ಲಲ್ಲ. ಶಹಾಪುರದಲ್ಲಿ ಪಿಯುಸಿ, ಯಾದಗಿರಿಯಲ್ಲಿ ಬಿಎಸ್ಸಿ, ಕಲಬುರಗಿಯಲ್ಲಿ ಎಂಎಸ್ಸಿ ಮಾಡಿ ಹೈದರಾಬಾದಿಗೆ ಪಿಎಚ್‌ಡಿಗೆ ಹೋದೆ. ಲ್ಯಾಬಿನ ರಾಸಾಯನಿಕ ತಾಗಿ ಅಂಗೈ ಒಡೆದು ರಕ್ತ ಬರುತ್ತಿತ್ತು. ನೋಡಲಾರದೆ ನನ್ನ ಗೈಡ್, "ನೀನು ಕಂಪ್ಯೂಟರ್ ಮುಂದೆ ಕೂಡಮ್ಮ" ಎಂದು ಎಬ್ಬಿಸಿ ಕಳಿಸಿದರು. ನನ್ನ ಕೆರಿಯರ್ ಶುರುವಾದದ್ದು ಹಾಗೆ, ಚರ್ಮರೋಗದಿಂದ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ವನದುರ್ಗದ ನಮ್ಮ ಸೋದರಮಾವನ ಮಗನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮ ಕಡೆ ಇದು ರೂಢಿ. ಹೆಣ್ಣುಮಗಳು ತನ್ನ ತವರಿಗೆ ಮಗಳನ್ನು ಸೊಸೆಯಾಗಿ ಕಳಿಸಿದರೆ ಹೋಗಿಬರುವ ದಾರಿ ಮುಚ್ಚುವುದಿಲ್ಲ ಎಂಬ ಆಸೆ. ನಾನು ಓದುತ್ತೇನೆಂದು ಹಟ ಹಿಡಿದೆ. ಅವ್ವ ತನ್ನ ತಮ್ಮನೊಡನೆ ಜಗಳಾಡಿ ನನ್ನನ್ನು ಓದಿಗೆ ಬಿಟ್ಟಳು. ಮಾತು ಉಳಿಸಿಕೊಳ್ಳಲು ತಂಗಿ ಮಾದೇವಿಯನ್ನು ಅದೇ ಹುಡುಗನಿಗೆ ಕೊಟ್ಟಳು. ಒಳ್ಳೆಯ ಮನುಷ್ಯನೇ. ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತ, ರಂಗಂಪೇಟೆಯಲ್ಲಿ ಮನೆ. ಅವರಿಗೆ ಶರಣು ಎಂಬ ಮಗ, ಅವನಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ ಭಾಗ್ಯ ಎಂಬ ಮಗಳು.

ಮೊದಲು ಹೇಳಿದ ಆ ವರ್ಷ, ಶರಣು ಒಂಬತ್ತನೇ ತರಗತಿಯಲ್ಲಿದ್ದಾಗ, ಅವನ ಕೈ ನಡುಗತೊಡಗಿತು. ಚಹಾದ ಬಸಿ ಹಿಡಿದರೆ ಗಲಗಲ ಸದ್ದು. ಮುತ್ತಿನಂಥ ಅಕ್ಷರ ಬರೆಯುತ್ತಿದ್ದವನ ಅಕ್ಷರ ಕಾಗೆ ಕಾಲಿನಂತಾಯಿತು. ಸಾಲಿಯಲ್ಲಿ ಸೋಮಾರಿ ಎಂದು ಬೈದರು, ಮನೆಯಲ್ಲಿ ಕಣ್ಣೆಸರು ಎಂದು ಇಳಿ ತೆಗೆದು ದಾರ ಕಟ್ಟಿಸಿದರು. ಮಾತು ತೊದಲತೊಡಗಿದ ಮೇಲೆ ಮಾದೇವಿ ಅವನನ್ನು ಕರೆದುಕೊಂಡು ಹೈದರಾಬಾದಿನ ಬಸ್ಸು ಹತ್ತಿದಳು.

ದೊಡ್ಡ ಆಸ್ಪತ್ರೆಯ ಡಾಕ್ಟರು ಅವನ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ಬಗ್ಗಿ ನೋಡಲು ಹೇಳಿದರು. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ತೆಳ್ಳನೆಯ ಉಂಗುರವೊಂದಿತ್ತು. ಓದಿದವಳಲ್ಲವೇ, ನೋಡಿದ ಕೂಡಲೇ ತಿಳಿಯಿತು. ಅದು ವಿಲ್ಸನ್ ಕಾಯಿಲೆ. ಊಟದಲ್ಲಿ ಬರುವ ಚೂರುಪಾರು ತಾಮ್ರವನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಹಾಕುವುದಕ್ಕೆ ಪಂಪಿನಂಥ ಒಂದು ಪ್ರೋಟೀನ್ ಇದೆ. ಆ ಪಂಪು ಹುಟ್ಟಿನಿಂದಲೇ ಕೆಟ್ಟಿದ್ದರೆ ತಾಮ್ರ ಲಿವರಿನಲ್ಲಿ ಕೂಡುತ್ತ ಹೋಗುತ್ತದೆ, ಅಲ್ಲಿ ತುಂಬಿದ ಮೇಲೆ ಮೆದುಳಿಗೆ, ಕಣ್ಣಿಗೆ ಬರುತ್ತದೆ. ಮೊದಲೇ ಗೊತ್ತಾದರೆ ಗುಳಿಗೆಯಲ್ಲೇ ಜೀವನಪೂರ್ತಿ ಚೆನ್ನಾಗಿರಬಹುದು.

"ಇವನಿಗೆ ಹಿಂದೆ ಯಾವಾಗಲಾದರೂ ಕಾಮಣಿ ಆಗಿತ್ತೇ?" ಎಂದು ಡಾಕ್ಟರು ಕೇಳಿದರು.

ಆಗಿತ್ತು. ಮೂರನೇ ತರಗತಿಯಲ್ಲಿದ್ದಾಗ. ಹಳ್ಳಿ ಔಷಧ ಕುಡಿಸಿ, ಉಪ್ಪು ಖಾರ ಬಿಡಿಸಿ ಪಥ್ಯ ಮಾಡಿಸಿದ್ದರು. ಕಣ್ಣಿನ ಹಳದಿ ಇಳಿದಿತ್ತು, ಎಲ್ಲರೂ ಮರೆತಿದ್ದರು. ಡಾಕ್ಟರು ಏನು ತಿನ್ನಬಾರದೆಂದು ಹೇಳುತ್ತ ಹೋದರು. ಶೇಂಗಾ ಬೇಡ, ಚಾಕಲೇಟ್ ಬೇಡ, ಕುರಿಯ ಕಾರ್ಜ, ಅಂದರೆ ಲಿವರ್, ಬೇಡ, ತಾಮ್ರದ ಪಾತ್ರೆಯಲ್ಲಿಟ್ಟ ನೀರು ಬೇಡ.

ಹೊರಗೆ ಬಂದ ಕೂಡಲೇ ಮಾದೇವಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು.

"ಅಕ್ಕಾ, ಕಾಮಣಿ ಆದಾಗಿಂದ ಅವ್ವ ಅವನಿಗೆ ದಿನಾ ತಾಮ್ರದ ತಂಬಿಗಿ ನೀರು ಕುಡಸ್ತಾಳ. ಅದಕ್ಕಂತನ ದೋರನಹಳ್ಳಿ ಬಿಟ್ಟು ನಮ್ಮನ್ಯಾಗ ಅದಾಳ."

ನನಗೂ ಗೊತ್ತಿತ್ತು, ಆ ತಂಬಿಗೆ ಅವ್ವ ತವರಿನಿಂದ ತಂದದ್ದು. ರಾತ್ರಿ ನೀರು ತುಂಬಿ ಮುಚ್ಚಿಟ್ಟು, ಕೋಳಿ ಕೂಗುವ ಹೊತ್ತಿಗೆ ಮೊಮ್ಮಗನನ್ನು ಎಬ್ಬಿಸಿ, ಬಾಯಿ ತೊಳೆಯುವ ಮೊದಲೇ ಗಟಗಟ ಕುಡಿಸುವುದು. ಮೈಯುಷ್ಣ ಇಳಿಯುತ್ತದೆ, ಕಾರ್ಜ ತಣ್ಣಗಿರುತ್ತದೆ ಎಂದು ಅವಳ ನಂಬಿಕೆ. ಭಾಗ್ಯಳಿಗೂ ಕೊಡುತ್ತಿರಲಿಲ್ಲ. ಅದು ಕಾಮಣಿಯಾಗಿ ಎದ್ದ ಹುಡುಗನಿಗೆ ಮೀಸಲು. ಅವನು ಒಲ್ಲೆ ಎಂದರೆ ತಲೆ ಸವರಿ ರಮಿಸುತ್ತಿದ್ದಳು. ಅದನ್ನೆಲ್ಲ ನೆನೆದು ನಾನೂ ತಂಗಿಯ ಪಕ್ಕ ನೆಲದ ಮೇಲೆ ಕುಳಿತೆ.

"ಅವ್ವಗ ಹೇಳೋದು ಬ್ಯಾಡ" ಎಂದೆ.

"ಹೇಳಿದ್ರ ಎದಿ ಒಡದು ಸಾಯ್ತಾಳ" ಎಂದಳು ಮಾದೇವಿ. ಆಮೇಲೆ ಎಲ್ಲಿಯೋ ನೋಡುತ್ತ, "ನೀ ಓದಾಕ ಹೋದಿ. ನಾ ಲಗ್ನಕ್ಕ ಹ್ಞೂಂ ಅಂದೆ" ಎಂದಳು. ಸಿಟ್ಟಿನಿಂದ ಅಂದಳೋ ಸುಮ್ಮನೆ ಅಂದಳೋ ತಿಳಿಯಲಿಲ್ಲ.

ಜೀನ್ ವರದಿ ಬಂತು. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿಗಳಲ್ಲಿ ಅದೇ ಒಂದು ತಪ್ಪು. ಅಕ್ಕತಮ್ಮಂದಿರ ಮಕ್ಕಳು ಮದುವೆಯಾದಾಗ ಹೀಗೆ ಎರಡೂ ಕಡೆಯಿಂದ ಒಂದೇ ತಪ್ಪು ಬಂದು ಕೂಡುವ ಸಂಭವ ಹೆಚ್ಚು. ತಂದೆತಾಯಿಗೆ ಒಂದೊಂದೇ ಇದ್ದುದರಿಂದ ಅವರಿಗೆ ಏನೂ ಆಗಿರಲಿಲ್ಲ. ಇದರಿಂದ ಚಿಕಿತ್ಸೆಗೆ ಕೂದಲಿನಷ್ಟೂ ಉಪಯೋಗವಿಲ್ಲವೆಂದು ಗೊತ್ತಿದ್ದೂ ನಾನು ಸಿಮ್ಯುಲೇಶನ್ ಓಡಿಸಿದೆ. ಕೈ ಕಟ್ಟಿ ಕೂರಲು ನನ್ನಿಂದಾಗಲಿಲ್ಲ. ಸರಿಯಿದ್ದ ಪ್ರೋಟೀನ್ ತಾಮ್ರವನ್ನು ಹಿಡಿದು ಗಟ್ಟಿಯಾಗಿ ನಿಂತಿತು. ಶರಣುವಿನದು ಅದೇ ಜಾಗದಲ್ಲಿ ಸಡಿಲಾಗಿ ಬಿಚ್ಚಿಕೊಂಡಿತು.

ಒಂದು ದಿನ ಅವನನ್ನು ನನ್ನ ಕೋಣೆಗೆ ಕರೆತಂದು ಪರದೆಯ ಮೇಲೆ ತೋರಿಸಿದೆ. ಬಣ್ಣಬಣ್ಣದ ರಿಬ್ಬನ್ನಿನಂತೆ ಅದು ತಿರುಗುತ್ತಿತ್ತು.

"ದೊಡ್ಡವ್ವಾ, ಇದರಾಗ ನಾ ಎಲ್ಲಿ ಅದೀನಿ?" ಎಂದ, ತೊದಲುತ್ತ.

ಕೆಂಪಗೆ ಗುರುತು ಹಾಕಿದ್ದ ಜಾಗದ ಮೇಲೆ ಬೆರಳಿಟ್ಟೆ.

"ಅಯ್ಯ, ಇಷ್ಟs ಏನು? ಇಷ್ಟಕ್ಕ ಇಷ್ಟು ರಂಪ ಮಾಡಾಕತ್ತೀರಿ?" ಎಂದು ನಕ್ಕ. ಅವನ ನಗು ನೋಡಿ ನಾನೂ ನಕ್ಕೆ. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಅವನ ಲಿವರ್ ಆಗಲೇ ಗಂಟುಗಟ್ಟಿ ಹೋಗಿತ್ತು. ಗುಳಿಗೆಗಳು ಕೆಲಸ ಮಾಡಲು ಬೇಕಾದಷ್ಟು ಕಾಲ ಅದು ಕೊಡಲಿಲ್ಲ. ಲಿವರ್ ಕಸಿಯ ಮಾತು ಬಂತು. ಅವನಪ್ಪ ತನ್ನದನ್ನು ಕೊಡುತ್ತೇನೆಂದು ಮುಂದೆ ಬಂದ. ಅವನ ತಪಾಸಣೆಗಳು ಮುಗಿಯುವುದರೊಳಗೆ ಮಗನ ಹೊಟ್ಟೆಯಲ್ಲಿ ನೀರು ತುಂಬಿ ಸೋಂಕಾಯಿತು. ಶರಣು ಹೋಗಿಬಿಟ್ಟ. ರಂಗಂಪೇಟೆಗೆ ತಂದು ಮಣ್ಣು ಮಾಡಿದೆವು. ಅವ್ವ ಅಳಲಿಲ್ಲ. "ಅಷ್ಟು ದೊಡ್ಡ ದವಾಖಾನ್ಯಾಗೂ ಉಳಿಸಾಕ ಆಗ್ಲಿಲ್ಲ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ತಂಬಿಗೆಯನ್ನು ಮಾದೇವಿ ಆಸ್ಪತ್ರೆಯಿಂದ ಮೊದಲ ಸಲ ಮರಳಿದಾಗಲೇ ಅಟ್ಟದ ಮೇಲೆ ಎತ್ತಿಟ್ಟಿದ್ದಳು. ಡಾಕ್ಟರು ಕಾಸಿದ ನೀರನ್ನಷ್ಟೇ ಕುಡಿಸಲು ಹೇಳಿದ್ದಾರೆ ಎಂದು ಅವ್ವನಿಗೆ ಸಬೂಬು ಹೇಳಿದ್ದಳು.

ನನ್ನ ತಲೆಯಲ್ಲಿ ಆಗ ಇದ್ದದ್ದು ಭಾಗ್ಯ. ಒಡಹುಟ್ಟಿದವಳಲ್ಲವೇ, ಅವಳಿಗೂ ಅದೇ ಇರುವ ಸಂಭವ ನಾಲ್ಕರಲ್ಲೊಂದು. ರಕ್ತ ತೆಗೆಸಿ ಕಳಿಸಿದ್ದೆವು, ವರದಿ ಬಂದಿರಲಿಲ್ಲ. ಮಣ್ಣು ಮಾಡಿದ ಐದನೇ ದಿನವೋ ಏನೋ, ಬೆಳಗಿನಲ್ಲಿ ನಾನು ಮುಖ ತೊಳೆದು ಪಡಸಾಲೆಗೆ ಬಂದೆ. ಅವ್ವ ಭಾಗ್ಯಳನ್ನು ಮುಂದೆ ಕೂರಿಸಿಕೊಂಡಿದ್ದಳು. ಹುಡುಗಿಯ ಎರಡೂ ಕೈಯಲ್ಲಿ ಆ ತಂಬಿಗೆ. ಅವ್ವ ಅದನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿದ್ದಳು, ಥಳಥಳ ಹೊಳೆಯುತ್ತಿತ್ತು.

"ಪೂರಾ ಕುಡಿಯವ್ವ ನನ್ನ ಬಂಗಾರ. ನಡುವ ಬಿಟ್ಟಿದ್ದಕ್ಕs ನಿಮ್ಮಣ್ಣಗ ಹಂಗಾತು" ಎನ್ನುತ್ತಿದ್ದಳು ಅವ್ವ.

ನಾನು ಓಡಿಹೋಗಿ ಕಸಿದುಕೊಂಡೆ. ನೀರು ಹುಡುಗಿಯ ಲಂಗದ ಮೇಲೆಲ್ಲ ಚೆಲ್ಲಿತು.

"ಯಾಕ? ಹುಚ್ಚು ಹಿಡದದೇನು ನಿನಗ?" ಅವ್ವ ಗದರಿದಳು.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ನಾನು ಈ ಕಡೆ ಹೈದರಾಬಾದಿಗೆ ಹೋದರೆ ನಾಳೆ ಮತ್ತೆ ತುಂಬಿಡುತ್ತಾಳೆ. "ಅವ್ವಾ, ಈ ಮಕ್ಕಳಿಗೆ ತಾಮ್ರ ಆಗಂಗಿಲ್ಲ. ಅದು ಮೈಯಾಗ ಕೂಡತದ, ಹೊರಗ ಹೋಗಂಗಿಲ್ಲ" ಎಂದೆ.

ಅವ್ವ ತಂಬಿಗೆ ನೋಡಿದಳು. ನನ್ನ ಮುಖ ನೋಡಿದಳು. ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಮಾದೇವಿಯನ್ನು ನೋಡಿದಳು. ನಾವಿಬ್ಬರೂ ತಲೆ ತಗ್ಗಿಸಿದೆವು.

"ಹಂಗಾದ್ರ ಅವನಿಗೆ ಇಷ್ಟು ದಿನ ನಾ ಕುಡಿಸಿದ್ದು..." ಎಂದಳು.

"ನಿನ್ನ ನೀರಿಂದ ಅಲ್ಲವ್ವ. ಜ್ವಾಳದಾಗೂ ಇರತದ, ಬ್ಯಾಳ್ಯಾಗೂ ಇರತದ. ನೀ ಕುಡಸದಿದ್ರೂ ಬರತಿತ್ತು. ಅದು ಹುಟ್ಟತs ರಕ್ತದಾಗ ಬಂದದ್ದು."

ನಿಜವನ್ನೇ ಹೇಳಿದ್ದೆ, ಸಮಾಧಾನಕ್ಕೆಂದೇ ಹೇಳಿದ್ದೆ. ಅವ್ವ ಸಾಲಿ ಮೆಟ್ಟಿಲು ಹತ್ತಿದವಳಲ್ಲ, ಆದರೆ ಸಂಬಂಧದ ಎಳೆ ಬಿಡಿಸುವುದರಲ್ಲಿ ಅವಳಿಗೆ ಯಾರೂ ಸಾಟಿಯಿಲ್ಲ. ಒಂದು ಗಳಿಗೆಯಲ್ಲಿ ಹಿಡಿದಳು.

"ಯಾರ ರಕ್ತ?"

ನಾನು ಹುಡುಗಿಯ ಲಂಗ ಒರೆಸತೊಡಗಿದೆ, ಅವ್ವ ಮಾದೇವಿಯತ್ತ ಕೈ ಮಾಡಿದಳು.

"ಇಕಿ ನನ್ನ ಮಗಳು. ಅಂವ ನನ್ನ ತಮ್ಮನ ಮಗ. ಎರಡೂ ಕಡೀಗೆ ನನ್ನ ತವರುಮನೀದs ಅಲ್ಲೇನು? ಈ ಗಂಟು ಹಾಕಿದಾಕೀನೂ ನಾನs" ಎಂದಳು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಷ್ಟು ದಿನ ತಡೆದದ್ದೆಲ್ಲ ಬಂತು. ಒಂದು ಭಾರ ಇಳಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ಹೊರಿಸಿದ್ದೆ. ನನ್ನ ವಿದ್ಯೆಗಿಷ್ಟು ಬೆಂಕಿ ಬೀಳಲಿ ಅನಿಸಿತು.

ಸಂಜೆ ನಾನು ಹೊರಡುವಾಗ ಅವ್ವ ಒಂದು ಬಾಟಲಿ ತಂದು ಕೈಯಲ್ಲಿಟ್ಟಳು. ರಾತ್ರಿ ತಂಬಿಗೆಯಲ್ಲಿಟ್ಟಿದ್ದ ನೀರು, ಚೆಲ್ಲಿ ಉಳಿದದ್ದು.

"ನಿನ್ನ ಕಂಪ್ಯೂಟರ್‌ದಾಗ ನೋಡಿ ಹೇಳು. ಅವನ ಸಾವಿನಾಗ ನನ್ನ ನೀರು ಎಷ್ಟು, ಹಣೆಬರಹ ಎಷ್ಟು. ನನಗ ಸುಳ್ಳು ಹೇಳಬ್ಯಾಡ."

ಹೈದರಾಬಾದಿನಲ್ಲಿ ಗೆಳತಿಯೊಬ್ಬಳ ಲ್ಯಾಬಿನಲ್ಲಿ ಆ ನೀರನ್ನು ಪರೀಕ್ಷಿಸಿದೆವು. ತಾಮ್ರ ಇತ್ತು, ಆದರೆ ಆರೋಗ್ಯವಂತರಿಗೆ ಏನೂ ಆಗದಷ್ಟು. ಶರಣುವಿನಂಥವನ ಮೈಯಲ್ಲಿ ಅದು ವರ್ಷಗಟ್ಟಲೆ ಕೂಡಿದರೆ ಎಷ್ಟಾಗುತ್ತದೆ? ಅದಕ್ಕೆ ನನ್ನ ಹತ್ತಿರ ಲೆಕ್ಕವಿಲ್ಲ. ನನ್ನ ಯಂತ್ರಗಳು ಕಣ್ಣು ಪಿಳುಕಿಸುವಷ್ಟು ಹೊತ್ತಿನ ಲೆಕ್ಕವನ್ನೂ ಹಾಕಲಾರವು. ಅವ್ವ ಕೇಳಿದ್ದು ಅಷ್ಟು ವರ್ಷಗಳ ಬೆಳಗುಗಳ ಲೆಕ್ಕ. ಫೋನಿನಲ್ಲಿ "ಸ್ವಲ್ಪs ಇತ್ತವ್ವ" ಎಂದೆ.

"ದಿನಾ ಕೊಟ್ಟೀನಲ್ಲ ಶಾಂತಾ, ಸ್ವಲ್ಪ ಸ್ವಲ್ಪ" ಎಂದಳು.

ಭಾಗ್ಯಳ ವರದಿ ಬಂತು. ಅವಳಿಗೂ ಇದೆ. ಆದರೆ ಲಿವರ್ ಇನ್ನೂ ಚೆನ್ನಾಗಿದೆ, ಕಣ್ಣಿನಲ್ಲಿ ಉಂಗುರವಿಲ್ಲ. ಸತುವಿನ ಗುಳಿಗೆ ಕೊಟ್ಟಿದ್ದಾರೆ. ಅದು ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಒಂದು ದಿನವೂ ತಪ್ಪಿಸದೆ ನುಂಗಿದರೆ ಅವಳು ನಮ್ಮೆಲ್ಲರಂತೆ ಬದುಕುತ್ತಾಳೆ. ಅಣ್ಣನಿಂದಾಗಿ ತಂಗಿ ಉಳಿದಳು ಎಂದು ನೆಂಟರು ಹೇಳುತ್ತಾರೆ. ಮಾದೇವಿ ಆ ಮಾತಿಗೆ ಎದ್ದು ಒಳಗೆ ಹೋಗುತ್ತಾಳೆ.

ಈ ಕಸುಬು ನನಗೆ ಕಲಿಸಿದ್ದನ್ನು ಹೇಳಿ ಮುಗಿಸುತ್ತೇನೆ. ಕಾರಣ ಹುಡುಕುವುದು ಒಂದು ಕೆಲಸ, ಸಿಕ್ಕ ಕಾರಣವನ್ನು ಒಂದು ಮನೆಯೊಳಗೆ ಕುಳಿತು ಹೇಳುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ನನಗೆ ಪಿಎಚ್‌ಡಿ ಕೊಟ್ಟರು, ಎರಡನೆಯದನ್ನು ಯಾರೂ ಕಲಿಸಲಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಯಾವುದಾದರೂ ಕುಟುಂಬದ ಜೀನ್ ವರದಿಯ ಮೇಲೆ ಕೆಲಸ ಮಾಡಿದರೆ, ಇದನ್ನು ಕೇಳಿಸಿಕೊಳ್ಳುವವರು ಯಾರು, ಅವರ ಜೊತೆ ಕೂರುವವರು ಯಾರು ಎಂದು ಮೊದಲು ಕೇಳುತ್ತೇನೆ. ಕಾಮಣಿ ಬಂದು ಹೋದ ಮಕ್ಕಳಿದ್ದರೆ ಒಮ್ಮೆ ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಈಗ ಯಾರೂ ನನ್ನ ಹತ್ತಿರ ಪ್ರಿಂಟರ್ ತರುವುದಿಲ್ಲ.

ಅವ್ವ ರಂಗಂಪೇಟೆಯಲ್ಲೇ ಇದ್ದಾಳೆ. ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುತ್ತಿದ್ದವಳು ಈಗ ಯಾರಿಗೂ ತನ್ನ ಕೈಯಿಂದ ನೀರು ಕೊಡುವುದಿಲ್ಲ. "ಮಾದೇವಿ, ನೀರು ತಾ" ಎಂದು ಕೂಗುತ್ತಾಳೆ. ಭಾಗ್ಯ ಮಾತ್ರ ಬಿಡುವುದಿಲ್ಲ. ಬೆಳಿಗ್ಗೆ ಗುಳಿಗೆ ಬಾಯಿಗೆ ಹಾಕಿಕೊಂಡು ಅಜ್ಜಿಯ ಮುಂದೆ ಹೋಗಿ ನಿಲ್ಲುತ್ತಾಳೆ. "ಆಯಿ, ನೀನs ಕೊಡು. ಲಗೂನ ಕೊಡು, ಬಾಯಿ ಕಹಿ ಆಗಾಕತ್ತದ" ಎನ್ನುತ್ತಾಳೆ. ಆಗ ಅವ್ವ ಏಳುತ್ತಾಳೆ. ಒಂದು ಗ್ಲಾಸನ್ನು ತಿಕ್ಕಿ ತಿಕ್ಕಿ ತೊಳೆದು ನೀರು ತುಂಬುತ್ತಾಳೆ. ತುಂಬಿದ ಮೇಲೂ ಕೊಡುವುದಿಲ್ಲ. ಮಾದೇವಿಯ ಫೋನಿನಲ್ಲಿ ನನಗೆ ವಿಡಿಯೋ ಕಾಲ್ ಮಾಡಿಸಿ, ಗ್ಲಾಸನ್ನು ಪರದೆಗೆ ಹಿಡಿಯುತ್ತಾಳೆ.

"ನೋಡು ಶಾಂತಾ, ಇದು ಸ್ಟೀಲ್ ಹೌದಲ್ಲ?"

ಹೌದವ್ವ ಎನ್ನುತ್ತೇನೆ. ಸರಿಯಾಗಿ ನೋಡು ಎನ್ನುತ್ತಾಳೆ. ಸರಿಯಾಗಿ ನೋಡಿ, ಮತ್ತೊಮ್ಮೆ ಹೌದು ಎಂದ ಮೇಲೆ, ಮೊಮ್ಮಗಳ ಕೈಗೆ ಕೊಡುತ್ತಾಳೆ.